ಹಳೆಯ ಮನೆಗೆ ಗ್ಯಾಸ್ ಫೈರ್‌ಪ್ಲೇಸ್: ಹೊಗೆಯನ್ನು ಚಿಮಣಿಯಿಂದ ಬಿಡುವುದೋ, ಪಕ್ಕದ ಗೋಡೆಯಿಂದಲೋ?

ಪ್ರಶ್ನೆ (ಶ್ರೂಸ್‌ಬರಿ, ಮ್ಯಾಸಚೂಸೆಟ್ಸ್)

ಎಲ್ಲರಿಗೂ ನಮಸ್ಕಾರ.

ಬಾಸ್ಟನ್ನಿನ ಪಶ್ಚಿಮಕ್ಕಿರುವ ಶ್ರೂಸ್‌ಬರಿಯಲ್ಲಿ, 1970ರ ದಶಕದಲ್ಲಿ ಕಟ್ಟಿದ ಎರಡಂತಸ್ತಿನ ಮನೆಯೊಂದನ್ನು ಕಳೆದ ಬೇಸಿಗೆಯಲ್ಲಿ ಕೊಂಡಿದ್ದೇವೆ. ಹಾಲ್‌ನಲ್ಲಿ ಸೌದೆ ಉರಿಸುವ ಇಟ್ಟಿಗೆಯ ಫೈರ್‌ಪ್ಲೇಸ್ ಇದೆ. ಬಹಳ ಕಾಲದಿಂದ ಅದನ್ನು ಯಾರೂ ಬಳಸಿದಂತಿಲ್ಲ. ಈ ಚಳಿಗಾಲಕ್ಕೆ ನಮ್ಮ ಅತ್ತೆ, ಮಾವ ಮೈಸೂರಿನಿಂದ ಬರುವವರಿದ್ದಾರೆ. ಮಾವನವರಿಗೆ ಹೃದಯದ ತೊಂದರೆಯಿದೆ, ಮತ್ತು ಅವರಿಗಾಗಿ ನಾವು ಗೊತ್ತುಮಾಡಿರುವ ಕೋಣೆ ಹಾಲ್‌ನ ನೇರ ಮೇಲೆಯೇ ಇದೆ. ಆದ್ದರಿಂದ ಶಾಖ ಎಷ್ಟು ಬರುತ್ತದೆ ಎನ್ನುವುದಕ್ಕಿಂತ, ಉರಿದ ಅನಿಲ ಮನೆಯಿಂದ ಪೂರ್ತಿಯಾಗಿ ಹೊರಹೋಗುತ್ತದೆಯೇ ಎನ್ನುವುದೇ ನಮ್ಮ ಮುಖ್ಯ ಚಿಂತೆ.

ಮೂವರು ಗುತ್ತಿಗೆದಾರರನ್ನು ಕರೆಸಿ ಕೇಳಿದೆವು. ಒಬ್ಬರು ವೆಂಟ್-ಫ್ರೀ ಲಾಗ್ ಸೆಟ್ (ಹೊಗೆಕೊಳವೆಯೇ ಇಲ್ಲದೆ, ಕೃತಕ ಸೌದೆಯ ನಡುವೆ ಗ್ಯಾಸ್ ಉರಿಸುವ ಸಾಧನ) ಹಾಕಿಸಿಕೊಳ್ಳಿ, ಚಿಮಣಿಯ ಗೊಡವೆಯೇ ಇರುವುದಿಲ್ಲ, ಖರ್ಚೂ ಕಡಿಮೆ ಎಂದರು. ಇನ್ನೊಬ್ಬರು ಹಳೆಯ ಗೂಡನ್ನು ಮುಚ್ಚಿ, ಪಕ್ಕದ ಗೋಡೆಗೆ ಡೈರೆಕ್ಟ್ ವೆಂಟ್ ಫೈರ್‌ಪ್ಲೇಸ್ ಕೂರಿಸಿ, ಅದೇ ಗೋಡೆಯನ್ನು ಕೊರೆದು ಕೊಳವೆಯನ್ನು ಹೊರಬಿಡೋಣ ಎಂದರು. ಆ ಗೋಡೆಯ ಹೊರಬದಿಯಲ್ಲಿ ಗ್ಯಾಸ್ ಮೀಟರ್ ಇದೆ, ಒಂದು ಕಿಟಕಿ ಇದೆ, ಡ್ರೈವ್‌ವೇಯ ಹಿಮವನ್ನು ತೋಡಿ ರಾಶಿ ಹಾಕುವುದೂ ಅಲ್ಲಿಯೇ. ಮೂರನೆಯವರು ಈಗಿರುವ ಇಟ್ಟಿಗೆಯ ಗೂಡಿನೊಳಗೇ ಗ್ಯಾಸ್ ಇನ್ಸರ್ಟ್ (ಗೂಡಿನೊಳಗೆ ಕೂರುವ ಗ್ಯಾಸ್ ಉರಿಯ ಪೆಟ್ಟಿಗೆ) ಇಟ್ಟು, ಚಿಮಣಿಯ ತುದಿಯವರೆಗೆ ಎರಡು ಕೊಳವೆಗಳನ್ನು ಎಳೆಯಬೇಕೆಂದರು. ಅವರದೇ ಎಲ್ಲಕ್ಕಿಂತ ದುಬಾರಿ. ಅಡುಗೆಮನೆಯಲ್ಲಿ ಈಚೆಗೆ 900 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಸಾಮರ್ಥ್ಯದ, ಅಡುಗೆಯ ಹೊಗೆಯನ್ನು ಹೊರಗೆಳೆಯುವ ಹುಡ್ ಹಾಕಿಸಿದ್ದೇವೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂಬುದು ನನಗೆ ತಿಳಿಯದು. ಬಲ್ಲವರು ದಯವಿಟ್ಟು ಕಾರಣಸಹಿತ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ವೂಸ್ಟರ್, ಕಟ್ಟಡಗಳ ಹೀಟಿಂಗ್ ವ್ಯವಸ್ಥೆಯ ಎಂಜಿನಿಯರ್)

ಮೇಡಂ, ಮೂರು ಸಲಹೆಗಳಲ್ಲಿ ಮೊದಲನೆಯದನ್ನು ಈಗಲೇ ಬದಿಗಿಟ್ಟುಬಿಡಿ. ವೆಂಟ್-ಫ್ರೀ ಸಾಧನದಲ್ಲಿ ಉರಿದದ್ದೆಲ್ಲವೂ ನೀವು ಉಸಿರಾಡುವ ಕೋಣೆಗೇ ಬರುತ್ತದೆ. ನೈಸರ್ಗಿಕ ಅನಿಲ ಚೊಕ್ಕವಾಗಿ ಉರಿದರೂ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವೆ. ಗಂಟೆಗೆ 30,000 ಬಿಟಿಯು (ಶಾಖದ ಒಂದು ಅಳತೆ) ಉರಿಸುವ ಲಾಗ್ ಸೆಟ್ಟೊಂದು ಪ್ರತಿ ಗಂಟೆಗೂ ಒಂದು ಲೀಟರಿಗಿಂತ ಹೆಚ್ಚು ನೀರನ್ನು ಆವಿಯ ರೂಪದಲ್ಲಿ ಮನೆಯೊಳಗೆ ಬಿಡುತ್ತದೆ. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿಯಿರುವಾಗ ಆ ನೀರು ಕಿಟಕಿಯ ಗಾಜಿನ ಮೇಲೂ ತಣ್ಣಗಿರುವ ಗೋಡೆಯ ಮೂಲೆಗಳಲ್ಲೂ ಕೂತು ಬೂಷ್ಟು ಹಿಡಿಸುತ್ತದೆ. ಅದರಲ್ಲಿ ಆಕ್ಸಿಜನ್ ಸೆನ್ಸರ್ ಇದೆಯಲ್ಲ ಎಂದು ಮಾರುವವರು ಹೇಳಬಹುದು. ಕೋಣೆಯ ಆಕ್ಸಿಜನ್ ಸುಮಾರು ಶೇಕಡ 18ಕ್ಕೆ ಇಳಿದಾಗ ಅದು ಅನಿಲವನ್ನು ನಿಲ್ಲಿಸುತ್ತದೆ, ನಿಜ. ಆದರೆ ಅದು ಅಳೆಯುವುದು ಆಕ್ಸಿಜನ್ನನ್ನೇ ಹೊರತು ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡನ್ನಲ್ಲ. ಬರ್ನರಿನ ರಂಧ್ರಗಳಲ್ಲಿ ಧೂಳು ಕಟ್ಟಿಕೊಂಡು, ಅಥವಾ ಲಾಗ್ ಅಲ್ಪಸ್ವಲ್ಪ ಜರುಗಿ ಜ್ವಾಲೆ ಅದಕ್ಕೆ ತಾಗಿ, ಉರಿ ಅರೆಬರೆಯಾದರೆ ಆಕ್ಸಿಜನ್ ಬೇಕಾದಷ್ಟಿದ್ದರೂ ಮೊನಾಕ್ಸೈಡ್ ಹುಟ್ಟಬಲ್ಲದು. ಕ್ಯಾಲಿಫೋರ್ನಿಯಾ ರಾಜ್ಯವು ಇಂಥ ಸಾಧನಗಳನ್ನು ಮನೆಗಳಲ್ಲಿ ನಿಷೇಧಿಸಿದೆ. ಹೃದ್ರೋಗಿಯೊಬ್ಬರು ಮೇಲಿನ ಕೋಣೆಯಲ್ಲಿ ಮಲಗುವ ಮನೆಗೆ ಇದು ಸಲ್ಲದು.

ಉಳಿದ ಎರಡೂ ಡೈರೆಕ್ಟ್ ವೆಂಟ್ ಜಾತಿಯವೇ. ಮುಂದೆ ಗಾಜು ಬಿಗಿಯಾಗಿ ಮುಚ್ಚಿರುತ್ತದೆ, ಉರಿಗೆ ಬೇಕಾದ ಗಾಳಿ ಹೊರಗಿನಿಂದ ಒಂದು ದಾರಿಯಲ್ಲಿ ಬರುತ್ತದೆ, ಉರಿದ ಅನಿಲ ಮತ್ತೊಂದು ದಾರಿಯಲ್ಲಿ ಹೊರಹೋಗುತ್ತದೆ. ಮನೆಯ ಗಾಳಿಗೂ ಉರಿಗೂ ಸಂಪರ್ಕವೇ ಇರುವುದಿಲ್ಲ. ಗೋಡೆಯಿಂದ ಹೊರಡುವ ಮಾದರಿಯಲ್ಲಿ ಸಾಮಾನ್ಯವಾಗಿ ಒಂದರೊಳಗೊಂದು ಕೂರುವ ಕೊಳವೆಗಳಿದ್ದು, ಒಳಗಿನದು ಹೊಗೆಗೆ, ಅದರ ಸುತ್ತಲಿನದು ಗಾಳಿಗೆ. ಚಿಮಣಿಯ ಇನ್ಸರ್ಟಿನಲ್ಲಿ ಸಾಮಾನ್ಯವಾಗಿ 3 ಇಂಚಿನ ಎರಡು ಅಲ್ಯೂಮಿನಿಯಂ ಬಳುಕು ಕೊಳವೆಗಳು ಅಕ್ಕಪಕ್ಕದಲ್ಲಿ ತುದಿಯವರೆಗೆ ಸಾಗುತ್ತವೆ. ನಿಮ್ಮ ಹುಡ್ ಎಷ್ಟೇ ಜೋರಾಗಿ ಎಳೆದರೂ, ಗಾಜಿನ ಅಂಚಿನ ಗ್ಯಾಸ್ಕೆಟ್ (ಸಂದಿ ಮುಚ್ಚುವ ಪಟ್ಟಿ) ಸರಿಯಿರುವವರೆಗೆ, ಈ ಎರಡರಲ್ಲೂ ಹೊಗೆ ಹಿಂದಿರುಗುವ ಭಯ ತೀರ ಕಡಿಮೆ. ತೆರೆದ ಗೂಡಿನಲ್ಲಿ ಗ್ಯಾಸ್ ಲಾಗ್ ಇಟ್ಟು ಡ್ಯಾಂಪರನ್ನು (ಚಿಮಣಿಯ ದಾರಿಯ ಮುಚ್ಚಳವನ್ನು) ತೆರೆದಿಡುವ ಪದ್ಧತಿಯೂ ಒಂದಿದೆ. ಅದು ಕೋಣೆಯ ಗಾಳಿಯನ್ನೇ ಬಳಸುವುದರಿಂದ 900 ಸಿಎಫ್‌ಎಂ ಹುಡ್ ಇರುವ ಮನೆಯಲ್ಲಿ ಅದನ್ನು ಯೋಚಿಸುವುದೇ ಬೇಡ.

ಹಾಗಾದರೆ ಗೋಡೆಯೋ, ಚಿಮಣಿಯೋ? ನನ್ನ ಅಭಿಪ್ರಾಯದಲ್ಲಿ ಇದನ್ನು ಸಾಧಾರಣ ದಿನವನ್ನು ನೋಡಿ ನಿರ್ಧರಿಸಬಾರದು. ನಾರ್ ಈಸ್ಟರ್ (ಈ ಕರಾವಳಿಯ ಚಳಿಗಾಲದ ಬಿರುಗಾಳಿ) ಬೀಸಿ ಎರಡಡಿ ಹಿಮ ಬಿದ್ದು, ಕರೆಂಟ್ ಹೋಗಿ, ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ನಿಂತು, ಮನೆಮಂದಿಯೆಲ್ಲ ಫೈರ್‌ಪ್ಲೇಸಿನ ಮುಂದೆ ಕೂತಿರುವ ರಾತ್ರಿಯನ್ನು ಕಣ್ಮುಂದೆ ತಂದುಕೊಳ್ಳಿ. ಅದು ಎಡೆಬಿಡದೆ ಉರಿಯುವುದು ಆ ರಾತ್ರಿಯೇ, ಗೋಡೆಯ ವೆಂಟ್ ಹಿಮದಲ್ಲಿ ಹೂತುಹೋಗುವುದೂ ಆ ರಾತ್ರಿಯೇ. 2005ರ ಜನವರಿಯ ಹಿಮಬಿರುಗಾಳಿಯ ನಂತರ ನಮ್ಮ ರಾಜ್ಯದ ಪ್ಲಿಮತ್‌ನಲ್ಲಿ ಹೀಟಿಂಗ್ ವೆಂಟ್ ಹಿಮದಿಂದ ಮುಚ್ಚಿಹೋಗಿ, ಮನೆಯೊಳಗೆ ತುಂಬಿದ ಮೊನಾಕ್ಸೈಡಿನಿಂದ ಏಳು ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಆ ಮಗುವಿನ ಹೆಸರಿನಲ್ಲೇ ಇರುವ ನಿಕೋಲ್ ಕಾನೂನು 2006ರಿಂದ ಇಲ್ಲಿನ ಮನೆಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯಗೊಳಿಸಿತು. ಪಕ್ಕದ ಗೋಡೆಯಿಂದ ಹೊರಡುವ ವೆಂಟ್ ನೆಲದಿಂದ 7 ಅಡಿಗಿಂತ ಕೆಳಗಿದ್ದರೆ ನಮ್ಮ ರಾಜ್ಯದ ಗ್ಯಾಸ್ ಕೋಡ್ (ನಿಯಮಾವಳಿ) ಇನ್ನಷ್ಟು ಕೇಳುತ್ತದೆ: ಆ ಸಾಧನವಿರುವ ಅಂತಸ್ತಿನಲ್ಲಿ ವಿದ್ಯುತ್ ತಂತಿಗೆ ನೇರವಾಗಿ ಜೋಡಿಸಿದ, ಬ್ಯಾಟರಿ ಬೆಂಬಲವೂ ಇರುವ ಅಲಾರಂ ಇರಬೇಕು, ಹೊರಗೆ, ವೆಂಟಿನ ನೇರಕ್ಕೆ, ಕನಿಷ್ಠ 8 ಅಡಿ ಎತ್ತರದಲ್ಲಿ, ಕೆಳಗೆ ಗ್ಯಾಸ್ ವೆಂಟ್ ಇದೆ, ಅಡ್ಡಿಯಿಲ್ಲದಂತೆ ಇಡಿ ಎಂಬ ಅರ್ಥದ ಶಾಶ್ವತ ಫಲಕ ಇರಬೇಕು.

ನಿಮಗೆ ಚಿಮಣಿ ಇದೆ. ಹಿಮವನ್ನು ರಾಶಿ ಹಾಕುವ ಗೋಡೆಗಿಂತ ಚಾವಣಿಯ ಮೇಲಿನ ಆ ತುದಿ ಎಷ್ಟೋ ಮೇಲು. ದುಬಾರಿಯಾದರೂ ಮೂರನೆಯವರ ಸಲಹೆಯನ್ನೇ ಒಪ್ಪಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಚಿಮಣಿ ಶುಚಿ ಮಾಡುವವರನ್ನು ಕರೆಸಿ, ಒಳಗೆ ಕ್ಯಾಮೆರಾ ಇಳಿಸಿ ನೋಡಿಸಿ. ಸೌದೆಯ ಮಸಿ, ಜಿಡ್ಡು ಹಾಗೇ ಉಳಿದಿದ್ದರೆ ಬೇಸಿಗೆಯ ಸೆಕೆಯಲ್ಲಿ ಅದರ ಕಮಟು ವಾಸನೆ ಹಾಲ್‌ಗೆ ಬರುತ್ತದೆ.

ಕೊಳವೆಗಳನ್ನು ಇಳಿಸುವಾಗ ಒಂದು ಸಣ್ಣ ಕೆಲಸವನ್ನು ನೀವೇ ನಿಂತು ನೋಡಬೇಕು. ಎರಡೂ ಕೊಳವೆಗಳು ನೋಡಲು ಒಂದೇ ಥರ ಇರುತ್ತವೆ; ಚಿಮಣಿಯ ತುದಿಗೆ ಕೂರಿಸುವ ಟೋಪಿಯಲ್ಲಿ ಹೊಗೆಯ ಬಾಯಿ, ಗಾಳಿಯ ಬಾಯಿ ಬೇರೆ ಬೇರೆ. ಚಾವಣಿಯ ಮೇಲಿರುವವರು ಒಂದಕ್ಕೊಂದು ಅದಲುಬದಲು ಜೋಡಿಸಿದರೆ ಹೊಗೆಯೇ ಮತ್ತೆ ಗಾಳಿಯ ದಾರಿಯಲ್ಲಿ ಉರಿಗೆ ಬಂದು ಜ್ವಾಲೆ ಹಳದಿಯಾಗಿ, ಸೋಮಾರಿಯಾಗಿ ತೂಗಾಡಿ ಕೊನೆಗೆ ಆರಿಹೋಗುತ್ತದೆ. ಆದ್ದರಿಂದ ಹೊಗೆಯ ಕೊಳವೆಯ ಎರಡೂ ತುದಿಗಳಿಗೆ, ಅದನ್ನು ಚಿಮಣಿಯೊಳಗೆ ಬಿಡುವ ಮುನ್ನವೇ, ಕೆಂಪು ಬಣ್ಣದ ಗುರುತು ಹಾಕಲು ಹೇಳಿ.

ಕೆಲಸ ಮಾಡುವವರು ಈ ರಾಜ್ಯದ ಪರವಾನಗಿ ಪಡೆದ ಪ್ಲಂಬರ್ ಅಥವಾ ಗ್ಯಾಸ್ ಫಿಟ್ಟರ್ ಆಗಿರಬೇಕು. ಮನೆಯವರೇ ಗ್ಯಾಸಿನ ಕೆಲಸ ಮಾಡಿಕೊಳ್ಳಲು ಇಲ್ಲಿ ಅವಕಾಶವಿಲ್ಲ. ಪರ್ಮಿಟ್ ತೆಗೆದು, ಊರಿನ ಗ್ಯಾಸ್ ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಹಾಕಿದ ಮೇಲೆಯೇ ಕೊನೆಯ ಕಂತಿನ ಹಣ ಕೊಡಿ.

ಉತ್ತರ (ಮಿನಿಯಾಪೊಲಿಸ್)

ಮೇಲಿನವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೂ ಚಿಮಣಿಯೇ ಇಲ್ಲದ ಮನೆಗಳಲ್ಲಿರುವ ನಮ್ಮಂಥವರೂ ಇದನ್ನು ಓದುತ್ತಿರಬಹುದಾದ್ದರಿಂದ ಗೋಡೆಯ ವೆಂಟಿನ ಬಗ್ಗೆ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ವೆಂಟಿನ ತಳ ನೆಲದಿಂದ ಕನಿಷ್ಠ 12 ಇಂಚು ಮೇಲಿರಬೇಕೆಂಬ ನಿಯಮ ಹಿಮ ಬೀಳುವ ಊರಿಗೆ ಏನೇನೂ ಸಾಲದು. ನೆಲವೆಂದರೆ ಫೆಬ್ರವರಿಯಲ್ಲಿ ಹಿಮ ನಿಂತಿರುವ ಮಟ್ಟ ಎಂದು ಭಾವಿಸಿ ಅಳತೆ ಹಾಕಿಸಿ. ಗೋಡೆಯಿಂದ ಹೊರಬಂದ ಕೊಳವೆಯನ್ನು ಹೊರಗೋಡೆಗೆ ಒತ್ತಿಕೊಂಡೇ ಮೇಲಕ್ಕೆ ಒಯ್ಯುವ ಸ್ನಾರ್ಕಲ್ ಮಾದರಿಯ ಟೋಪಿಗಳು ಸಿಗುತ್ತವೆ. ತಯಾರಕರು ಒಪ್ಪಿದ ಮಾದರಿಯಾದರೆ ಅದನ್ನೇ ಹಾಕಿಸಿಕೊಳ್ಳಿ. 10,000ದಿಂದ 50,000 ಬಿಟಿಯುವರೆಗಿನ ಡೈರೆಕ್ಟ್ ವೆಂಟಿಗೆ ತೆರೆಯುವ ಕಿಟಕಿಯಿಂದ 9 ಇಂಚು ಸಾಕೆಂದು ಅಮೆರಿಕದ ಗ್ಯಾಸ್ ಕೋಡ್ ಬಹಳ ಕಾಲದಿಂದ ಹೇಳುತ್ತ ಬಂದಿದೆ, ಗ್ಯಾಸ್ ಮೀಟರಿನ ರೆಗ್ಯುಲೇಟರಿನಿಂದ (ಅನಿಲದ ಒತ್ತಡ ತಗ್ಗಿಸುವ ಭಾಗ) ಸಾಮಾನ್ಯವಾಗಿ 3 ಅಡಿ ಕೇಳುತ್ತಾರೆ. ಇವು ಕನಿಷ್ಠ ಅಳತೆಗಳು. ಜಾಗವಿದ್ದರೆ ಹೆಚ್ಚು ಬಿಡಿ. ತಯಾರಕರ ಕೈಪಿಡಿ ಇದಕ್ಕಿಂತ ಹೆಚ್ಚು ಕೇಳಿದರೆ ಕೈಪಿಡಿಯ ಮಾತೇ ನಡೆಯಬೇಕು.

ಗೋಡೆಯೊಳಗಿನ ಭಾಗ ಮುಗಿದ ಮೇಲೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅದನ್ನು ಮುಚ್ಚುವ ಮೊದಲು ಫೋಟೋ ತೆಗೆದಿಡಿ. ಅಡ್ಡವಾಗಿ ಸಾಗುವ ಕೊಳವೆಯ ಮೇಲ್ಬದಿಗೆ 3 ಇಂಚು, ಅಕ್ಕಪಕ್ಕ ಮತ್ತು ಕೆಳಗೆ 1 ಇಂಚು ಮರದಿಂದ ದೂರವಿರಬೇಕೆಂದು ಅನೇಕ ತಯಾರಕರು ಹೇಳುತ್ತಾರೆ. ಶಾಖ ಮೇಲಕ್ಕೇ ಏರುವುದರಿಂದ ಮೇಲ್ಬದಿಗೆ ಹೆಚ್ಚು. ಆ ಸಂದಿಗೆ ಇನ್ಸುಲೇಷನ್ ತುರುಕಬಾರದು. ಚಳಿ ನುಗ್ಗುತ್ತದೆಂದು ನಮ್ಮ ಕಡೆಯ ಕೆಲಸಗಾರರು ಒಳ್ಳೆಯ ಮನಸ್ಸಿನಿಂದಲೇ ತುರುಕಿಬಿಡುವುದುಂಟು. ಹೊರಗೋಡೆಗೆ ವಿನೈಲ್ ಸೈಡಿಂಗ್ (ಪ್ಲಾಸ್ಟಿಕ್ ಹೊದಿಕೆ) ಇದ್ದರೆ ವೆಂಟಿನ ಸುತ್ತ ಅದನ್ನು ಕತ್ತರಿಸಿ ತಯಾರಕರ ರಕ್ಷಣಾ ತಟ್ಟೆಯನ್ನು ಕೂರಿಸಲೇಬೇಕು, ಇಲ್ಲವಾದರೆ ಅದು ಕರಗಿ ಜೋಲುತ್ತದೆ.

ಪ್ರಶ್ನಿಸಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಚಿಮಣಿಯ ದಾರಿಯನ್ನೇ ಹಿಡಿಯುವುದೆಂದು ಮನೆಯಲ್ಲಿ ಮಾತಾಡಿಕೊಂಡಿದ್ದೇವೆ. ಈಗ ಇನ್ನೊಂದು ಅನುಮಾನ ಬಂದಿದೆ. ಬೇಸ್‌ಮೆಂಟಿನಲ್ಲಿರುವ ಗ್ಯಾಸ್ ವಾಟರ್ ಹೀಟರಿನ ತಗಡಿನ ಕೊಳವೆಯೂ ಇದೇ ಇಟ್ಟಿಗೆಯ ಚಿಮಣಿಯೊಳಗೆ ಹೋಗುತ್ತದೆ. ಬಾಯ್ಲರ್ ಮಾತ್ರ ಹೊಸದು. ಹಿಂದಿನ ಮಾಲೀಕರು ಅದರ ಹೊಗೆಯನ್ನು ಬಿಳಿ ಪ್ಲಾಸ್ಟಿಕ್ ಕೊಳವೆಯಿಂದ ಗೋಡೆಯ ಹೊರಗೆ ಬಿಟ್ಟಿದ್ದಾರೆ. ಒಂದೇ ಚಿಮಣಿಯನ್ನು ವಾಟರ್ ಹೀಟರ್ ಮತ್ತು ಇನ್ಸರ್ಟ್ ಎರಡೂ ಹಂಚಿಕೊಳ್ಳಬಹುದೇ?

ಉತ್ತರ (ವೂಸ್ಟರ್)

ಇದನ್ನು ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಹೊರಗಿನಿಂದ ಒಂದೇ ಇಟ್ಟಿಗೆಯ ಗೋಪುರವಾಗಿ ಕಂಡರೂ ಆ ಕಾಲದ ಮನೆಗಳಲ್ಲಿ ಒಳಗೆ ಸಾಮಾನ್ಯವಾಗಿ ಎರಡು ಪ್ರತ್ಯೇಕ ಫ್ಲೂಗಳು (ಹೊಗೆದಾರಿಗಳು) ಇರುತ್ತವೆ: ಒಂದು ಫೈರ್‌ಪ್ಲೇಸಿಗೆ, ಇನ್ನೊಂದು ಬೇಸ್‌ಮೆಂಟಿನ ಬಾಯ್ಲರ್ ಮತ್ತು ವಾಟರ್ ಹೀಟರಿಗೆ. ಚಾವಣಿಯಿಂದ ನೋಡಿದರೆ ಜೇಡಿಮಣ್ಣಿನ ಎರಡು ಚೌಕಾಕಾರದ ಬಾಯಿಗಳು ಕಾಣಬೇಕು. ಇನ್ಸರ್ಟಿನ ಕೊಳವೆಗಳು ಫೈರ್‌ಪ್ಲೇಸಿನ ಫ್ಲೂವಿನಲ್ಲೇ ಇಳಿಯಬೇಕು ಮತ್ತು ಆ ಫ್ಲೂವಿನಲ್ಲಿ ಬೇರೆ ಯಾವ ಸಾಧನದ ಹೊಗೆಯೂ ಇರಕೂಡದು. ಒಂದೇ ಬಾಯಿ ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ವಾಟರ್ ಹೀಟರಿನ ಹೊಗೆಗೆ ಬೇರೆ ದಾರಿ ಮಾಡಿಸಿ.

ನಿಮ್ಮ ಬರಹದಲ್ಲಿ ಫೈರ್‌ಪ್ಲೇಸಿಗಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ವಾಟರ್ ಹೀಟರ್. ಮೊದಲು ಬಾಯ್ಲರಿನ ಬಿಸಿ ಹೊಗೆಯೂ ಅದೇ ಫ್ಲೂವಿನಲ್ಲಿ ಹೋಗುತ್ತಿದ್ದಾಗ ಫ್ಲೂ ಬೆಚ್ಚಗಿದ್ದು ಸೆಳೆತ ಚೆನ್ನಾಗಿತ್ತು. ಬಾಯ್ಲರ್ ಬೇರೆ ದಾರಿ ಹಿಡಿದ ಮೇಲೆ ಅಷ್ಟು ದೊಡ್ಡ, ತಣ್ಣನೆಯ ಫ್ಲೂವಿನಲ್ಲಿ ಪುಟ್ಟ ವಾಟರ್ ಹೀಟರ್ ಒಂಟಿಯಾಗಿ ಉಳಿದಿದೆ. ಇಂಥ ಒಂದೇ ಸಾಧನವಿರುವ ಇಟ್ಟಿಗೆ ಚಿಮಣಿಯ ಒಳವಿಸ್ತೀರ್ಣವು ಸಾಧನದ ಹೊಗೆಬಾಯಿಯ ವಿಸ್ತೀರ್ಣದ 7 ಪಟ್ಟನ್ನು ಮೀರಬಾರದೆಂದು ಕೋಡ್ ಹೇಳುತ್ತದೆ. 3 ಇಂಚಿನ ಹೊಗೆಬಾಯಿಯ ವಿಸ್ತೀರ್ಣ ಸುಮಾರು 7 ಚದರ ಇಂಚು, ಅಂದರೆ ಫ್ಲೂವಿನ ಮಿತಿ ಸುಮಾರು 49 ಚದರ ಇಂಚು. 8ಕ್ಕೆ 12 ಇಂಚಿನ ಹಳೆಯ ಫ್ಲೂ ಆ ಮಿತಿಯನ್ನು ದಾಟಿಯೇ ಇರುತ್ತದೆ. ಅಷ್ಟು ಅಗಲದ ತಣ್ಣನೆಯ ದಾರಿಯಲ್ಲಿ ಹೊಗೆ ಮೇಲೇರುವ ಮೊದಲೇ ಆರಿ, ನೀರಾಗಿ ಇಟ್ಟಿಗೆಯನ್ನು ನೆನೆಸುತ್ತದೆ, ಇಲ್ಲವೇ ಕೆಳಗೇ ಹಿಂದಿರುಗುತ್ತದೆ. ಆ ಫ್ಲೂವಿಗೂ ಅಳತೆಗೆ ತಕ್ಕ ಲೋಹದ ಲೈನರ್ (ಒಳಕೊಳವೆ) ಇಳಿಸಬೇಕಾಗಬಹುದು. ಚಾವಣಿ ಹತ್ತುವ ಕೆಲಸ ಹೇಗೂ ಇರುವುದರಿಂದ ಎರಡನ್ನೂ ಒಟ್ಟಿಗೆ ಮಾಡಿಸಿದರೆ ಕೂಲಿ ಉಳಿಯುತ್ತದೆ.

ಇಲ್ಲಿಯೇ ನಿಮ್ಮ ಹುಡ್ಡಿನ ಪ್ರಶ್ನೆ ಬರುತ್ತದೆ. ಒಣಮೆಣಸಿನಕಾಯಿಯ ಒಗ್ಗರಣೆ ಹಾಕುವಾಗ ನಮ್ಮವರು ಹುಡ್ಡನ್ನು ಪೂರ್ತಿ ವೇಗದಲ್ಲಿ ಓಡಿಸುತ್ತಾರೆ, ಚಳಿಗಾಲವಾದ್ದರಿಂದ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ನಿಮಿಷಕ್ಕೆ 900 ಘನ ಅಡಿ ಗಾಳಿ ಹೊರಹೋದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಬರಲೇಬೇಕು. ಬಿಗಿಯಾದ ಮನೆಯಲ್ಲಿ ಅದಕ್ಕೆ ಸುಲಭದ ದಾರಿ ವಾಟರ್ ಹೀಟರಿನ ಚಿಮಣಿ. 400 ಸಿಎಫ್‌ಎಂ ಮೀರಿದ ಹುಡ್ ಇರುವಲ್ಲಿ ಬದಲಿ ಗಾಳಿಯ ವ್ಯವಸ್ಥೆ ಬೇಕೆಂದು ವಸತಿ ಕಟ್ಟಡಗಳ ಕೋಡ್ ಹೇಳುವುದು ಈ ಕಾರಣಕ್ಕೇ. ನಿಮ್ಮ ಹುಡ್ ಹಾಕಿದವರು ಅದನ್ನು ಮಾಡಿದ್ದಾರೆಯೇ ಎಂದು ವಿಚಾರಿಸಿ.

ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ನೋಡಬಹುದು. ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಹುಡ್ಡನ್ನೂ ಸ್ನಾನದ ಮನೆಯ ಫ್ಯಾನುಗಳನ್ನೂ ಬಟ್ಟೆ ಒಣಗಿಸುವ ಡ್ರೈಯರನ್ನೂ ಪೂರ್ತಿ ಓಡಿಸಿ. ಬಿಸಿನೀರಿನ ನಲ್ಲಿ ತಿರುಗಿಸಿ ವಾಟರ್ ಹೀಟರ್ ಹೊತ್ತಿಕೊಳ್ಳುವಂತೆ ಮಾಡಿ, 5 ನಿಮಿಷ ಬಿಟ್ಟು, ಅದರ ನೆತ್ತಿಯ ಮೇಲೆ ತಗಡಿನ ಕೊಡೆಯಂತಿರುವ ಡ್ರಾಫ್ಟ್ ಹುಡ್ಡಿನ ಅಂಚಿಗೆ ಹೊತ್ತಿಸಿದ ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ಕೊಡೆಯೊಳಗೆ ಬಾಗಿ ಮೇಲಕ್ಕೆ ಎಳೆದುಕೊಂಡು ಹೋದರೆ ಸರಿ. ಅದು ನಿಂತಲ್ಲೇ ಸುಳಿದಾಡಿದರೆ, ಅಥವಾ ನಿಮ್ಮ ಮುಖದ ಕಡೆಗೆ ತಿರುಗಿದರೆ, ತಕ್ಷಣ ಹುಡ್ ಆರಿಸಿ, ಕಿಟಕಿ ತೆರೆದು, ವಾಟರ್ ಹೀಟರನ್ನು ನಿಲ್ಲಿಸಿ ತಂತ್ರಜ್ಞರನ್ನು ಕರೆಸಿ. ಅತ್ತೆ ಮಾವ ಬರುವ ಮೊದಲೇ ಈ ಪರೀಕ್ಷೆ ಆಗಬೇಕು. ಅದಕ್ಕೆ ಫೈರ್‌ಪ್ಲೇಸಿನ ಕೆಲಸ ಮುಗಿಯಲೆಂದು ಕಾಯಬೇಡಿ.

ಉತ್ತರ (ನ್ಯೂಜೆರ್ಸಿ, ವೈದ್ಯೆ)

ಎಂಜಿನಿಯರ್ ಅವರು ಹೇಳಿದ್ದಕ್ಕೆ ದೇಹದ ಕಡೆಯ ವಿಷಯವನ್ನಷ್ಟೇ ಸೇರಿಸುತ್ತೇನೆ. ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಸುಸ್ತು, ಮಂಕು ಇದರ ಲಕ್ಷಣಗಳು. ಊರಿನಿಂದ ಬಂದ ಹೊಸದರಲ್ಲಿ ಇವನ್ನೆಲ್ಲ ಪ್ರಯಾಣದ ಆಯಾಸ, ನೆಗಡಿ ಎಂದು ತಳ್ಳಿಹಾಕುವುದು ಬಹಳ ಸುಲಭ. ಹೊರಗೆ ಹೋದಾಗ ಹಗುರವಾಗಿ, ಮನೆಗೆ ಬಂದಾಗ ಮತ್ತೆ ತಲೆನೋವು ಬಂದರೆ, ಅಥವಾ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ಬಂದರೆ ಇದನ್ನೇ ಮೊದಲು ಶಂಕಿಸಬೇಕು. ಹೃದಯದ ರಕ್ತನಾಳಗಳ ಕಾಯಿಲೆಯಿರುವವರಿಗೆ, ಉಳಿದವರಿಗೆ ಏನೂ ಅನ್ನಿಸದಷ್ಟು ಕಡಿಮೆ ಮಟ್ಟದಲ್ಲೂ ಎದೆನೋವು ಬೇಗ ಕಾಣಿಸಿಕೊಳ್ಳುತ್ತದೆ.

ಎರಡು ವಿಷಯಗಳನ್ನು ದಯವಿಟ್ಟು ಗಮನದಲ್ಲಿಡಿ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಈಗ ಎಲ್ಲರ ಮನೆಯಲ್ಲೂ ಇದೆ. ಅದು ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಆಕ್ಸಿಜನ್ ಇರುವುದೆಂದೇ ಓದುವುದರಿಂದ, ವ್ಯಕ್ತಿ ಅಪಾಯದಲ್ಲಿದ್ದರೂ 97, 98 ಎಂದು ತೋರಿಸಬಲ್ಲದು. ಅದನ್ನು ನಂಬಿ ಸುಮ್ಮನಿರಬೇಡಿ. ಇನ್ನು, ಅಮೆರಿಕದ ಮಾನದಂಡಕ್ಕೆ ಒಳಪಟ್ಟ ಮನೆಯ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಇದ್ದಾಗ 1ರಿಂದ 4 ಗಂಟೆಯೊಳಗೆ, 150 ಇದ್ದಾಗ 10ರಿಂದ 50 ನಿಮಿಷದೊಳಗೆ, 400 ಇದ್ದಾಗ 4ರಿಂದ 15 ನಿಮಿಷದೊಳಗೆ ಕೂಗುತ್ತದೆ. 30 ಪಿಪಿಎಂ ಇದ್ದರೆ ಕೂಗದೆಯೇ ಇರಬಹುದು. ಆರೋಗ್ಯವಂತರನ್ನು ಕಾಪಾಡಲು ಈ ಲೆಕ್ಕ. ನಿಮ್ಮ ಮಾವನವರಿಗೆ ಇದು ತಡವಾಗಬಹುದು. ಕಡಿಮೆ ಮಟ್ಟವನ್ನೂ ಅಂಕಿಯಲ್ಲಿ ತೋರಿಸುವ ಮಾನಿಟರೊಂದನ್ನು ಅವರ ಕೋಣೆಯಲ್ಲಿಡಿ, ಕಡ್ಡಾಯದ ಅಲಾರಂಗಳ ಬದಲಿಗಲ್ಲ, ಅವುಗಳ ಜೊತೆಗೆ.

ಅಲಾರಂ ಕೂಗಿದರೆ ಕಿಟಕಿ ತೆರೆಯುತ್ತ ನಿಲ್ಲದೆ ಎಲ್ಲರೂ ಹೊರಗೆ ಹೋಗಿ 911ಕ್ಕೆ ಕರೆ ಮಾಡಬೇಕೆಂದು ಅತ್ತೆ ಮಾವನಿಗೆ ಮೊದಲೇ ಹೇಳಿಡಿ. ಕರ್ನಾಟಕದಲ್ಲಿ ಸ್ನಾನದ ಮನೆಯ ಗ್ಯಾಸ್ ಗೀಸರಿನಿಂದ ಸತ್ತವರ ಸುದ್ದಿಯನ್ನು ಅವರು ಪತ್ರಿಕೆಗಳಲ್ಲಿ ಓದಿಯೇ ಇರುತ್ತಾರೆ. ಇದೂ ಅದೇ ಅನಿಲವೆಂದರೆ ಬೇಗ ಅರ್ಥವಾಗುತ್ತದೆ.

ಪ್ರಶ್ನಿಸಿದವರಿಂದ

ಊದುಬತ್ತಿಯ ಪರೀಕ್ಷೆ ಮಾಡಿದೆವು. ಹುಡ್ ನಿಂತಿದ್ದಾಗ ಹೊಗೆ ಒಳಕ್ಕೆ ಎಳೆದುಕೊಂಡಿತು. ಹುಡ್ ಪೂರ್ತಿ ವೇಗದಲ್ಲಿದ್ದಾಗ ಕೊಡೆಯ ಅಂಚಿನಿಂದ ಹೊರಕ್ಕೆ ಚೆಲ್ಲಿತು. ಕೂಡಲೇ ಎಲ್ಲವನ್ನೂ ಆರಿಸಿ ತಂತ್ರಜ್ಞರಿಗೆ ಹೇಳಿ ಕಳಿಸಿದೆವು. ಚಾವಣಿಯ ಮೇಲೆ ಎರಡು ಫ್ಲೂಗಳಿರುವುದು ಖಚಿತವಾಗಿದೆ. ಎರಡಕ್ಕೂ ಲೈನರ್ ಹಾಕಿಸುವುದೆಂದೂ, ಹುಡ್ಡಿಗೆ ಬದಲಿ ಗಾಳಿಯ ಡ್ಯಾಂಪರ್ ಕೂರಿಸುವುದೆಂದೂ ತೀರ್ಮಾನವಾಗಿದೆ. ಅಲ್ಲಿಯವರೆಗೆ ಹುಡ್ ಓಡುವಾಗ ಪಕ್ಕದ ಕಿಟಕಿಯನ್ನು ತೆರೆದಿಡುತ್ತೇವೆ, ವಾಟರ್ ಹೀಟರನ್ನು ಆ ಹೊತ್ತಿಗೆ ಆರಿಸಿರುತ್ತೇವೆ. ಇನ್ಸರ್ಟನ್ನು ಮೊದಲ ಬಾರಿ ಹೊತ್ತಿಸುವ ದಿನ ನಾವು ಗಮನಿಸಬೇಕಾದದ್ದೇನು?

ಉತ್ತರ (ವೂಸ್ಟರ್)

ಆ ದಿನ ಅತ್ತೆ ಮಾವ ಮನೆಯಲ್ಲಿ ಇರದಂತೆ ನೋಡಿಕೊಳ್ಳಿ. ಮೊದಲ ಕೆಲವು ಗಂಟೆಗಳ ಕಾಲ ಲೋಹದ ಬಣ್ಣ ಸುಟ್ಟ ವಾಸನೆ ಮತ್ತು ತೆಳುವಾದ ಹೊಗೆ ಬರುವುದು ಸಹಜ. ಕಿಟಕಿಗಳನ್ನು ತೆರೆದಿಟ್ಟು ಉರಿಸಿ. ಗಾಜು ಪೂರ್ತಿ ಬಿಸಿಯಾದ ಮೇಲೆ ಜ್ವಾಲೆ ಬುಡದಲ್ಲಿ ನೀಲಿಯಾಗಿ, ತುದಿಯಲ್ಲಿ ಹಳದಿಯಾಗಿ ನಿಲ್ಲಬೇಕು. ನಿಮ್ಮದು ಎತ್ತರದ ಚಿಮಣಿಯಾದ್ದರಿಂದ ಸೆಳೆತ ಜಾಸ್ತಿಯಾಗಿ ಜ್ವಾಲೆ ಬರ್ನರನ್ನು ಬಿಟ್ಟು ಮೇಲೆದ್ದು ಹಾರಾಡುವಂತೆ ಕಂಡರೆ ಫಿಟ್ಟರಿಗೆ ತೋರಿಸಿ. ಅದನ್ನು ತಗ್ಗಿಸಲು ಕೈಪಿಡಿಯಲ್ಲಿ ರೆಸ್ಟ್ರಿಕ್ಟರ್ ತಟ್ಟೆಯ ಅಳತೆ ಕೊಟ್ಟಿರುತ್ತಾರೆ. ಮುಂದಿನ ವಾರಗಳಲ್ಲಿ ಗಾಜಿನ ಒಳಬದಿಗೆ ಬಿಳಿಯ ಪೊರೆ ಬಂದರೆ ತಣ್ಣಗಾದ ಮೇಲೆ ಒರೆಸಿದರೆ ಸಾಕು, ಕಪ್ಪು ಮಸಿ ಬಂದರೆ ಮಾತ್ರ ಉರಿಸುವುದನ್ನು ನಿಲ್ಲಿಸಿ ಕರೆ ಮಾಡಿ.

ಫಿಟ್ಟರ್ ಹೊರಡುವ ಮುನ್ನ ಗೂಡಿನೊಳಗೆ, ಈ ಫೈರ್‌ಪ್ಲೇಸನ್ನು ಗ್ಯಾಸ್ ಇನ್ಸರ್ಟಿಗಾಗಿ ಮಾರ್ಪಡಿಸಲಾಗಿದೆ, ಇನ್ನು ಸೌದೆ ಉರಿಸಬಾರದು ಎಂಬ ಲೋಹದ ಚೀಟಿಯನ್ನು ಹೊಡೆದಿದ್ದಾರೆಯೇ ನೋಡಿ. ಅದು ಇನ್ಸರ್ಟಿನ ಪೆಟ್ಟಿಗೆಯಲ್ಲೇ ಬಂದಿರುತ್ತದೆ. ಮುಂದೆ ಈ ಮನೆಯನ್ನು ಕೊಳ್ಳುವವರು ಇನ್ಸರ್ಟನ್ನು ತೆಗೆದು ಮತ್ತೆ ಸೌದೆ ಇಡಲು ಹೊರಟರೆ ಅವರಿಗೆ ತಿಳಿಯುವುದು ಆ ಚೀಟಿಯಿಂದಲೇ.